ತಂಗಿಯ ಕುರ್ಚಿ

ಸರ್ಕಾರದ ಪರದೆ ಇಲಾಖೆಯವರು ನಾಗರಿಕರ ಪಟ್ಟಿಯಿಂದ ಯಾರದಾದರೂ ಹೆಸರು ಹೊಡೆದುಹಾಕಿದರೆಂದರೆ ಆ ಮನುಷ್ಯ ಆಮೇಲೆ ಯಾವ ಕಂಪ್ಯೂಟರಿನಲ್ಲೂ ಕಾಣುವುದಿಲ್ಲ. ಮದರ್‌ಬೋರ್ಡಿನ ಜೊತೆಗೇ ಬರುವ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸು ಅವನನ್ನು ಅಳಿಸಿ ಹಿಂದಿನ ಗೋಡೆ ತೋರಿಸುತ್ತದೆ. ಗದಗಿನ ನನ್ನ ಫೋಟೊ ಸ್ಟುಡಿಯೊದಲ್ಲಿ ಮದುವೆ ಆಲ್ಬಮ್ ಮಾಡುವಾಗೆಲ್ಲ ಅಂಥ ಖಾಲಿ ಜಾಗಕ್ಕೆ ಹೂಕುಂಡ ಅಂಟಿಸಿ ಅಂಟಿಸಿ ಸಾಕಾಗಿತ್ತು.

ಗಿರಣಿ ಮುಷ್ಕರಕ್ಕೆ ಹೋದ ತಂಗಿ ಗಿರಿಜೆಯ ಹೆಸರೂ ಹೋಯಿತು. ಅವಳಿಗೆ ಹೂಕುಂಡ ಅಂಟಿಸಲು ನನಗೇನು ಹುಚ್ಚೇ? ಅದೇ ಚಿತ್ರದ ಕೆಲಸ ಮಾಡುವ, ಆದರೆ ಪಟ್ಟಿಗೆ ಬಗ್ಗದ ಹೊಸ ವಿಡಿಯೊ ಕಾರ್ಡೊಂದನ್ನು ಕದ್ದುಮುಚ್ಚಿ ತರಿಸಿ ಕಂಪ್ಯೂಟರಿನೊಳಗೆ ಕೂರಿಸಿದೆ. ಆದರೂ ನನ್ನ ಮದುವೆ ಫೋಟೊದಲ್ಲಿ ಅವಳ ಕುರ್ಚಿ ಖಾಲಿಯೇ ಇತ್ತು.

ಕಾರ್ಡಿನ ಸುದ್ದಿ ಮುಟ್ಟಿ ಇಲಾಖೆಯ ಹಂಚಿನಾಳ ಸಾಹೇಬರು ಬಂದರು. ಪರದೆ ನೋಡಿದರು, ಕಂಪ್ಯೂಟರಿನ ಹಿಂಬದಿ ನೋಡಿದರು, ನಕ್ಕರು.

“ಏನ್ರೀ ಅಕ್ಕಾರ, ಹೊಸಾ ಕಾರ್ಡ್ ಹಾಕೀರಿ, ಮಾನಿಟರಿನ ಕೇಬಲ್ ಮದರ್‌ಬೋರ್ಡಿನ ಹಳೇ ಕಿಂಡಿಗೇ ಬಿಟ್ಟೀರಿ! ಕಾರ್ಡ್ ಇದ್ರೂ ಇಲ್ಲದಂಗ ಆತು. ಬಿಚ್ಚಿ ಕೊಡ್ರಿ, ಕೇಸ್ ಹಾಕಂಗಿಲ್ಲ.”

ನನ್ನ ತಪ್ಪು ಆಗ ತಿಳಿಯಿತು. ಅವರ ಕಣ್ಣೆದುರೇ ಕೇಬಲ್ ಕಿತ್ತು, ನಾಲ್ಕು ಬೆರಳು ಕೆಳಗೆ, ಹೊಸ ಕಾರ್ಡಿನ ಕಿಂಡಿಗೆ ಚುಚ್ಚಿದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಗಿರಿಜೆ ಆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು.

“ಬಂದ್ ಮಾಡ್ರಿ ಅದನ್ನ!” ಸಾಹೇಬರು ಚೀರಿದರು.

ನಾನು ಮಾನಿಟರನ್ನು ಬಜಾರದ ಕಡೆ ತಿರುಗಿಸಿಟ್ಟೆ.

“ಈಗ ಹಾಕ್ರಿ ಕೇಸ್. ನನ್ನ ಹೆಸರೂ ಹೊಡದುಹಾಕ್ರಿ. ಈ ಕಾರ್ಡಿನ್ಯಾಗ ಅಕ್ಕ-ತಂಗಿ ಇಬ್ರೂ ಕಾಣ್ತೀವಿ.”