ಹುಳಿ ಸಾರಿನ ಸಿಹಿ

ನಾಲ್ಕನೆಯ ವಯಸ್ಸಿನಲ್ಲಿ ಕಳ್ಳರ ಪಾಲಾಗಿ, ದೂರದ ಕಡಲತೀರದ ಮನೆಯೊಂದಕ್ಕೆ ಮಾರಾಟವಾದ ಅವನಿಗೆ ಹುಟ್ಟೂರಿನ ಹೆಸರಾಗಲಿ ತಾಯಿಯ ಮುಖವಾಗಲಿ ನೆನಪಿರಲಿಲ್ಲ. ನಾಲಗೆಯ ಮೇಲೆ ಒಂದು ರುಚಿ ಮಾತ್ರ ಉಳಿದಿತ್ತು: ಹುಳಿ ಸಾರಿನಲ್ಲಿ ಮುಳುಗಿದ ಅಕ್ಕಿ ನೂಡಲ್ಸ್, ಅದರಲ್ಲಿ ಕರಗಿದ ಬೆಲ್ಲ. ಅದು ಅಮ್ಮನ ಕೈರುಚಿಯೆಂದೇ ನಂಬಿ, ಹುಳಿ ಸಾರಿಗೆ ಹೆಸರಾದ ಚೀನಾದ ಗುಯಿಝೌ ಸೀಮೆಯ ಬೆಟ್ಟದೂರುಗಳನ್ನೆಲ್ಲ ವರ್ಷಗಟ್ಟಲೆ ಅಲೆದ. ಕೇಳಿದಲ್ಲೆಲ್ಲ ನಗೆಪಾಟಲಾದ.

"ಹುಳಿ ಸಾರಿಗೆ ಬೆಲ್ಲವೇ? ಯಾವ ಬಸುರಿಯ ಬಯಕೆಯಯ್ಯಾ ಇದು?"

ಘಾಟಿರಸ್ತೆಯ ಅಂಗಡಿಯೊಂದರ ಮುದುಕಿ ಮಾತ್ರ ನಗಲಿಲ್ಲ. ಅವನು ಕೇಳಿದ್ದೇ ತಡ, ಬೆಲ್ಲದ ಚೂರೊಂದನ್ನು ಸಾರಿಗೆ ಹಾಕಿ ಕದಡಿ, ಬಟ್ಟಲನ್ನು ಮುಂದಿಟ್ಟಳು. ಅವನು ಮೊದಲ ಗುಟುಕು ಹೀರಿದ. ಕಣ್ಣೀರು ಕೋಡಿ ಹರಿಯಿತು.

"ಅಳೋದಾದ್ರೆ ಆ ಕಡೆ ತಿರುಗಿ ಅಳಪ್ಪ, ಸಾರಿಗೆ ಉಪ್ಪು ಜಾಸ್ತಿ ಆಗುತ್ತೆ."

"ಇದೇ ಅಜ್ಜಿ, ಇದೇ ರುಚಿ. ಈ ಊರಲ್ಲಿ ಎಲ್ಲರ ಮನೇಲೂ ಹೀಗೇ ಮಾಡ್ತಾರಾ?"

"ಯಾರು ಮಾಡ್ತಾರೆ? ಈ ಸೀಮೆಗೆಲ್ಲ ನಾನೊಬ್ಬಳೇ ಮಾಡ್ತಿದ್ದುದು. ಬಿಟ್ಟು ಎಷ್ಟೋ ವರ್ಷ ಆಯ್ತು."

ಅವನು ಬಟ್ಟಲನ್ನು ಮರೆತು ಅವಳ ಮುಖವನ್ನೇ ದಿಟ್ಟಿಸಿದ. ಆ ಸುಕ್ಕುಗಳ ನಡುವೆ ತನ್ನದೇ ಹುಬ್ಬು, ತನ್ನದೇ ಗಲ್ಲ ಕಂಡಂತಾಯಿತು.

"ಯಾರಿಗೆ ಮಾಡ್ತಿದ್ರಿ? ನಿಮ್ಮ ಮಗನಿಗಾ?"

"ನನಗೆಲ್ಲಿಯ ಮಗ? ಆಗೆಲ್ಲ ಮಕ್ಕಳನ್ನ ಕದ್ದು ಮಾರೋಕೆ ಒಯ್ಯೋರ ಲಾರಿ ಇಲ್ಲೇ ನಿಲ್ತಿತ್ತು. ಅಮ್ಮಾ ಅಂತ ಅಳೋವು, ಪಾಪ. ಬಾಯಿ ಮುಚ್ಚಲಿ ಅಂತ ಇದನ್ನ ಮಾಡಿ ಕೊಡ್ತಿದ್ದೆ."