ಗಿಳಿ ಆರಿಸಿದ ಬಣ್ಣ

ಟೈಲರ್ ಏಣಿಯ ಮೇಲೆ ನಿಂತು ಕೊನೆಯ ಕೊಂಡಿ ಸಿಕ್ಕಿಸಿ ಪರದೆ ಇಳಿಬಿಟ್ಟದ್ದೇ ತಡ, ಕೆಳಗಿದ್ದ ಡಾಕ್ಟರಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಕಿಟಕಿಯ ಪಕ್ಕದ ಗೋಡೆಯಲ್ಲಿ ಮಂಚದಷ್ಟು ಅಗಲದ, ಕಟ್ಟು ಹಾಕಿಸಿದ ಅಚ್ಚಿನ ಚಿತ್ರವೊಂದಿತ್ತು: ನೀಲಿ ನದಿ, ನೀಲಿ ಆಕಾಶ, ನಡುವೆ ಒಂದು ದೋಣಿ. ಅಂಬಿಗನ ಹೆಗಲ ಮೇಲೆ ಉಗುರಿನಷ್ಟೇ ಅಗಲದ ಇಟ್ಟಿಗೆ ಬಣ್ಣದ ವಸ್ತ್ರ. ಪರದೆಯೂ ಅದೇ ಇಟ್ಟಿಗೆ ಬಣ್ಣದ್ದು, ಮೈತುಂಬ ಪುಟ್ಟ ಪುಟ್ಟ ಎಲೆಗಳು.

"ಹತ್ತು ವರ್ಷದಿಂದ ಈ ಚಿತ್ರ ನೋಡ್ತಿದೀನಿ. ದೋಣೀಲಿ ಒಬ್ಬ ಮನುಷ್ಯ ಇದಾನೆ ಅಂತ ಇವತ್ತು ಕಾಣಿಸ್ತು ನೋಡಪ್ಪ!" ಎಂದರು ಡಾಕ್ಟರಮ್ಮ.

ಟೈಲರ್ ಏಣಿಯ ಮೇಲೇ ಎದೆ ಉಬ್ಬಿಸಿದ. ಏನೋ ನೆನಪಾಗಿ ತಟ್ಟನೆ ತಗ್ಗಿಸಿದ. ಕೆಳಗೆ ಪರದೆಯ ಅಂಚಿನ ಬಳಿ ಅವನ ಅಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ತುಟಿಯ ನಡುವೆ ಏಳೆಂಟು ಗುಂಡುಸೂಜಿ ಕಚ್ಚಿಕೊಂಡು, ಬಟ್ಟೆ ನೆಲಕ್ಕೆ ತಾಗದಂತೆ ಮಡಚಿ ಮಡಚಿ ಚುಚ್ಚುತ್ತಿದ್ದಳು.

ಬಣ್ಣ ಆರಿಸಿದ್ದು ಅವಳು. ಇದೊಂದೇ ಅಲ್ಲ, ಇಪ್ಪತ್ತು ವರ್ಷದಿಂದ ಅಂಗಡಿಯ ಹೊಸ್ತಿಲು ದಾಟಿದ ಪರದೆ, ದಿಂಬು, ಸೋಫಾ ಹೊದಿಕೆ ಎಲ್ಲದರ ಬಣ್ಣವೂ ಅವಳದೇ. ಗಿರಾಕಿಗಳು ತಮ್ಮ ಗೋಡೆಯ ಚಿತ್ರ ತಂದರೆ ಅದನ್ನು ಒಳಕೋಣೆಯ ಬೆಳಕಿಗೆ ಹಿಡಿದು ಹೇಳುತ್ತಿದ್ದಳು: "ಜಾಸ್ತಿ ಇರೋ ಬಣ್ಣದ ತಂಟೆಗೆ ಹೋಗ್ಬೇಡ ಕಣೋ, ಮನೆ ಮುಳುಗಿ ಹೋಗುತ್ತೆ. ಎಲ್ಲಕ್ಕಿಂತ ಕಡಿಮೆ ಇರೋದನ್ನ ಹುಡುಕು. ಯಾರಾದ್ರೂ ಕರೀಲಿ ಅಂತ ಅದು ಕಾಯ್ತಾ ಕೂತಿರುತ್ತೆ." ಟೈಲರ್ ಹೊರಗೆ ಬಂದು ಅದನ್ನೇ ಒಂದಕ್ಕೆ ಹತ್ತು ಸೇರಿಸಿ ಬಿಡುತ್ತಿದ್ದ. ಅವನ ಪ್ರಕಾರ ಈ ವಿದ್ಯೆ ಕಲಿಸಿದ್ದು ಒಂದು ಗಿಳಿ. ಅವನು ಅರಮನೆಯೊಂದಕ್ಕೆ ಪರದೆ ಹೊಲಿಯಲು ಹೋಗಿದ್ದನಂತೆ. ಅಲ್ಲಿ ಒಂದೊಂದು ಪರದೆ ಎಳೆಯಲು ಎರಡೆರಡು ಆನೆ ಬೇಕಿತ್ತಂತೆ. ಯಾವ ಬಣ್ಣವೆಂದು ತಲೆ ಕೆಡಿಸಿಕೊಂಡು ನಿಂತಾಗ ರಾಣಿಯ ಗಿಳಿ ಹಾರಿಬಂದು ಚಿತ್ರದ ಒಂದು ಮೂಲೆಯನ್ನು ಟಕ್ಕನೆ ಕುಕ್ಕಿತಂತೆ. ಕಥೆ ಕೇಳಲೆಂದೇ ಜನ ಬರುತ್ತಿದ್ದರು. ಒಳಗೆ ಕೂತ ಅಕ್ಕನೂ ನಗುತ್ತಿದ್ದಳು.

ಹೋದ ತಿಂಗಳು ಒಬ್ಬ ಗಿರಾಕಿ ಒಳಗೆ ಇಣುಕಿ, "ಅವರ್ಯಾರು?" ಎಂದು ಕೇಳಿದ. ಕಥೆಯ ಅಮಲಿನಲ್ಲಿದ್ದ ಟೈಲರ್, "ಅವಳಾ? ಗುಂಡಿ ಹಚ್ಚೋಕೆ ಬರ್ತಾಳೆ" ಎಂದುಬಿಟ್ಟ. ಅಂದು ಸಂಜೆ ಅಕ್ಕ ತನ್ನ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಕೈಕಾಲು ಹಿಡಿದರೂ ಅಂಗಡಿಗೆ ಬರಲಿಲ್ಲ. ಕೊನೆಗೆ ಅವನು ಈ ದೋಣಿಯ ಚಿತ್ರದ ಫೋಟೋ ಹಿಡಿದು ಅವಳ ಮನೆ ಬಾಗಿಲಿಗೇ ಹೋಗಿ ನಿಂತ. ಅವಳು ಅಂಬಿಗನ ಹೆಗಲು ತೋರಿಸಿ, ಒಂದೇ ಮಾತು ಹೇಳಿದಳು: "ನನ್ನ ಎದುರಿಗೇ ಯಾರಾದ್ರೂ ಒಬ್ಬರ ಹತ್ರ ನಿಜ ಹೇಳು. ಒಂದೇ ಒಂದ್ಸಲ. ಆಮೇಲೆ ಅಂಗಡಿಗೆ ಬರ್ತೀನಿ."

ಟೈಲರ್ ಏಣಿ ಇಳಿದ. ಕೊರಳಿನ ಅಳತೆ ಟೇಪನ್ನು ತೆಗೆದು ಜೇಬಿಗೆ ತುರುಕಿದ.

"ಡಾಕ್ಟರಮ್ಮ, ಒಂದ್ಮಾತು. ಈ ಬಣ್ಣ ನಾನು ಆರಿಸಿದ್ದಲ್ಲ."

"ಗೊತ್ತಪ್ಪ. ಗಿಳಿ ತಾನೇ?"

"ಗಿಳೀನೂ ಇಲ್ಲ, ಮಣ್ಣೂ ಇಲ್ಲ. ನಮ್ಮಕ್ಕ. ಇಗೋ, ಇವಳೇ. ಇದೊಂದೇ ಅಲ್ಲ, ಎಲ್ಲಾನೂ ಇವಳದೇ. ನಂಗೆ ಹೊಲಿಯೋದು ಬಿಟ್ರೆ ಏನೂ ಬರಲ್ಲ. ಕೆಂಪು ಯಾವುದು, ಕೇಸರಿ ಯಾವುದು ಅಂದ್ರೆ ಬೆವರ್ತೀನಿ."

ಡಾಕ್ಟರಮ್ಮ ಅವನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಬ್ಬಬ್ಬಾ, ಏನು ಗಂಭೀರ, ಏನು ಗಂಭೀರ! ಪಾಪ, ತಮ್ಮ ಪಾಡಿಗೆ ಸೂಜಿ ಚುಚ್ತಾ ಕೂತಿರೋರನ್ನೂ ಕಥೆಗೆ ಎಳ್ಕೊಂಡ್ಯಲ್ಲಪ್ಪ! ಏನಮ್ಮ, ನಿಮಗೂ ಪಾಠ ಹೇಳ್ಕೊಟ್ಟು ಕರ್ಕೊಂಡು ಬಂದಿದಾನಾ?"

ತುಟಿಯಲ್ಲಿ ಸೂಜಿ ಕಚ್ಚಿಕೊಂಡಿದ್ದ ಅಕ್ಕ ತಮ್ಮನ ಕಡೆ ನೋಡಿದಳು.

"ಇಲ್ಲಮ್ಮ, ದೇವರಾಣೆಗೂ ನಿಜ!" ಎಂದ ಟೈಲರ್.

"ಆನೆಗಳ ವಿಷಯಕ್ಕೂ ದೇವರಾಣೆ ಹಾಕಿದ್ಯಲ್ಲೋ!"

ಎದುರಿಗಿದ್ದವರು ನಕ್ಕರೆ ತಾನೂ ನಗುವುದು ಟೈಲರ್‌ಗೆ ಇಪ್ಪತ್ತು ವರ್ಷದ ಚಾಳಿ. ಅವನು ಬೇಡ ಬೇಡವೆನ್ನುವಷ್ಟರಲ್ಲಿ ತುಟಿ ಕಿವಿಯವರೆಗೆ ಹಿಗ್ಗಿತು. ಹಿಗ್ಗಿದ್ದನ್ನು ಮುಚ್ಚಲು ಆಗಲಿಲ್ಲ. ಹ್ಹಹ್ಹಹ್ಹ ಎಂದು ಅವನೂ ನಕ್ಕುಬಿಟ್ಟ.

"ಏನೇ ಹೇಳು, ಗಿಳಿ ಕಥೇನೇ ಚೆನ್ನಾಗಿತ್ತು," ಎಂದು ಡಾಕ್ಟರಮ್ಮ ಕಣ್ಣೊರೆಸಿಕೊಳ್ಳುತ್ತ ಟೀ ತರಲು ಒಳಗೆ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಅಕ್ಕ ಪರದೆಯ ಅಂಚನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಮುಗಿಸುವ ತನಕ ತಲೆ ಎತ್ತಲಿಲ್ಲ. ಟೈಲರ್ ಸುಮ್ಮನೆ ಏಣಿ ಮಡಚಿದ, ಮತ್ತೆ ಬಿಚ್ಚಿದ.

"ಅಕ್ಕಾ, ಹೇಳಿದ್ನಲ್ಲ? ನಿನ್ನೆದುರಿಗೇ ಹೇಳಿದ್ನಲ್ಲ? ನಾಳೆಯಿಂದ ಬರ್ತೀಯ ತಾನೇ?"

ಅಕ್ಕ ಎದ್ದು ನಿಂತಳು. ಮಿಕ್ಕಿದ್ದ ಗುಂಡುಸೂಜಿಗಳನ್ನು ತುಟಿಯಿಂದ ಒಂದೊಂದಾಗಿ ತೆಗೆದು, ತಮ್ಮನ ಮಣಿಕಟ್ಟಿಗೆ ಕಟ್ಟಿದ್ದ ಪುಟ್ಟ ದಿಂಬಿಗೆ ಮೆಲ್ಲಗೆ ಚುಚ್ಚಿದಳು. ಎಲ್ಲಾ ಮುಗಿದ ಮೇಲೆ ಹೇಳಿದಳು:

"ಹೇಳ್ದೆ ಕಣೋ, ಚೆನ್ನಾಗೇ ಹೇಳ್ದೆ. ನಾಳೆ ಅಂಗಡಿಗೆ ಆ ಗಿಳೀನೇ ಕರ್ಕೊಂಡು ಹೋಗು."