ಡಬ್ಬದ ಸದ್ದು

ಮಾವಿನ ತೋಪು ಕಾಯುವ ಬೈರಮ್ಮ ತಗಡಿನ ಡಬ್ಬ ಬಡಿಯಲು ಕೋಲೆತ್ತಿದವಳು ಹಾಗೇ ನಿಂತಳು. ಕೊಂಬೆಯಿಂದ ಇಳಿದ ಕೋತಿ ಓಡಲಿಲ್ಲ. ಕಪ್ಪು ಮುಖ, ಸುತ್ತ ನರೆತ ಗಡ್ಡದಂಥ ಕೂದಲು, ಸೊಂಟದಲ್ಲಿ ಬೆಲ್ಟು ಉಜ್ಜಿದ ಬೋಳು ಗುರುತು. ಅವಳ ಮುಂದೆಯೇ ಕೂತು ಅಂಗೈ ಚಾಚಿತು.

"ಸಿಂಗಳೀಕ ಕಣಮ್ಮ, ಮಳೆಕಾಡಿಂದು," ಎಂದ ಬಲೆ ಹೊತ್ತು ಬಂದಿದ್ದ ಫಾರೆಸ್ಟ್ ಗಾರ್ಡ್ ಕದಿರೇಶ್. ಬೆಳಗಿನಿಂದ ಯಲ್ದೂರಿನ ತೋಪುಗಳನ್ನೆಲ್ಲ ಅಲೆದು ಅವನ ದನಿ ಸೋತಿತ್ತು. "ಯಾರೋ ಕದ್ದು ತಂದು ಸಾಕವ್ರೆ, ತಪ್ಪಿಸ್ಕೊಂಡೈತೆ. ಇಂಥವು ಉಳಿದಿರೋದೇ ಕಮ್ಮಿ."

"ಅದ್ರ ಕಾಡಿಗೇ ಬಿಟ್ಬಿಡಪ್ಪ ಮತ್ತೆ."

"ಮನುಷ್ಯರನ್ನ ಕಂಡ್ರೆ ಓಡ್ಬೇಕಲ್ಲಮ್ಮ, ಆಗ ಬಿಡಬೋದು. ಇಲ್ದಿದ್ರೆ ಸಾಯೋಗಂಟ ಬೋನೇ."

ಬೈರಮ್ಮನಿಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ. ಮದುವೆಯಾಗಿ ಬಂದಾಗಿನಿಂದ ಕೋತಿ ಓಡಿಸಿ ಓಡಿಸಿ ಅವಳ ತೋಳೇ ಬಿದ್ದುಹೋಗಿತ್ತು. ನೋಯುವ ಆ ತೋಳನ್ನೇ ಮತ್ತೆ ಎತ್ತಿ, "ಓಡೋ, ನಿನ್ ದಮ್ಮಯ್ಯ, ಓಡೋ!" ಎಂದು ಡಬ್ಬ ಒಡೆದುಹೋಗುವಂತೆ ಬಡಿದಳು.

ಸಿಂಗಳೀಕ ಬೆಚ್ಚಿಬಿತ್ತು. ಕಿರುಚುತ್ತ ಓಡಿತು ಕೂಡ. ಓಡಿಬಂದು ಅವಳ ಸೆರಗಿನೊಳಗೆ ಮುಖ ಹುದುಗಿಸಿ, ಎರಡೂ ಕೈಯಿಂದ ಅವಳ ಸೊಂಟವನ್ನು ತಬ್ಬಿಕೊಂಡಿತು.